ಅಂಚೆ ಚೀಟಿಗೆ ತಜ್ಞರ ಪ್ರಮಾಣಪತ್ರ: ವೆಚ್ಚ ಯಾವಾಗ ಸಾರ್ಥಕ?

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಹಳೆಯ ವ್ಯಾಪಾರಿ ಕುಟುಂಬಗಳಲ್ಲಿ ಪಾಲು ವಿಭಾಗ ನಡೆಯುವಾಗ ಹಿರಿಯರು ಕೂಡಿಟ್ಟ ಅಂಚೆ ಚೀಟಿಗಳ ಆಲ್ಬಮ್ ಹೊರಬರುವುದುಂಟು. ಯಂತ್ರ, ದಾಸ್ತಾನು, ಬರಬೇಕಾದ ಬಾಕಿ ಎಲ್ಲಕ್ಕೂ ಬೆಲೆ ಕಟ್ಟಬಲ್ಲವರು ಈ ಆಲ್ಬಮ್ಮಿನ ಮುಂದೆ ತಬ್ಬಿಬ್ಬಾಗುತ್ತಾರೆ. ಒಬ್ಬರಿಗೆ ಅದು ರದ್ದಿ, ಮತ್ತೊಬ್ಬರಿಗೆ ನಿಧಿ. ಆಗ ಬರುವ ಸಲಹೆ ತಜ್ಞರ ಪ್ರಮಾಣಪತ್ರ ಮಾಡಿಸಬೇಕೆಂಬುದು. ಎಲ್ಲ ಚೀಟಿಗಳಿಗೂ ಹಾಗೆ ಮಾಡಿಸಿದರೆ ಆಲ್ಬಮ್ಮಿನ ಬೆಲೆಗಿಂತ ಶುಲ್ಕವೇ ಹೆಚ್ಚಾದೀತು.

ಪ್ರಮಾಣಪತ್ರವು ಬೆಲೆಪಟ್ಟಿಯಲ್ಲ. ಚೀಟಿಯು ಅಸಲಿಯೇ, ಹರಿದುದನ್ನು ಜೋಡಿಸಲಾಗಿದೆಯೇ, ಹಿಂಬದಿಗೆ ಹೊಸದಾಗಿ ಅಂಟು ಬಳಿಯಲಾಗಿದೆಯೇ, ಮುದ್ರೆಯನ್ನು ಅಳಿಸಿ ಬಳಸದ ಚೀಟಿಯಂತೆ ತೋರಿಸಲಾಗಿದೆಯೇ ಎಂಬುದರ ಬಗೆಗಿನ ಅಭಿಪ್ರಾಯ ಮಾತ್ರ ಅದು. ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯ ತಜ್ಞ ಸಮಿತಿ 1894ರಿಂದಲೂ, ನ್ಯೂಯಾರ್ಕಿನ ಫಿಲಾಟೆಲಿಕ್ ಫೌಂಡೇಶನ್ 1945ರಿಂದಲೂ ಇಂತಹ ಪರೀಕ್ಷೆಯಲ್ಲಿ ಹೆಸರು ಪಡೆದಿವೆ. ಅಭಿಪ್ರಾಯವೆಂದ ಮೇಲೆ ಮುಂದೆ ಅದು ಬದಲಾಗಲೂಬಹುದು. ಆದುದರಿಂದಲೇ ಛಾಯಾಚಿತ್ರವಿಲ್ಲದ ಹಳೆಯ ಪತ್ರವನ್ನು ಕೊಳ್ಳುವವರು ಅಷ್ಟಾಗಿ ನೆಚ್ಚುವುದಿಲ್ಲ.

ಪ್ರಮಾಣಪತ್ರವಿಲ್ಲದೆ ವ್ಯವಹಾರವೇ ಸಾಧ್ಯವಿಲ್ಲದ ಒಂದು ಉದಾಹರಣೆಗೆ ರಾಜಾಜಿನಗರದ ಹೆಸರಿನೊಡನೆಯೇ ಸಂಬಂಧವಿದೆ. 1948ರ ಆಗಸ್ಟ್ 15ರಂದು ಮಹಾತ್ಮ ಗಾಂಧಿಯವರ ನಾಲ್ಕು ಚೀಟಿಗಳು ಬಿಡುಗಡೆಯಾದವು. ಸ್ವಿಟ್ಜರ್ಲೆಂಡಿನ ಕೂರ್ವಾಸಿಯೇ ಮುದ್ರಣಾಲಯದಲ್ಲಿ ಅಚ್ಚಾದ ಈ ಸರಣಿಯಲ್ಲಿ ಅತಿ ಹೆಚ್ಚಿನ ಮುಖಬೆಲೆ 10 ರೂಪಾಯಿ. ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ, ಅಂದರೆ ಬಡಾವಣೆಗೆ ಹೆಸರಾದ ರಾಜಾಜಿ. ಅವರ ಕಚೇರಿಯ ಬಳಕೆಗೆಂದು 'ಸರ್ವಿಸ್' ಎಂಬ ಇಂಗ್ಲಿಷ್ ಪದವನ್ನು ಮೇಲಚ್ಚು ಹಾಕಿದ 10 ರೂಪಾಯಿ ಚೀಟಿಗಳು ಕೇವಲ 100. ಅಂತಹ ನಾಲ್ಕು ಚೀಟಿಗಳ ಒಂದು ಪಟ್ಟಿ 2017ರಲ್ಲಿ 5 ಲಕ್ಷ ಪೌಂಡಿಗೆ ಮಾರಾಟವಾಯಿತು. ಸಾಮಾನ್ಯ ಚೀಟಿಗೂ ಇದಕ್ಕೂ ಇರುವ ಭೇದ ಒಂದೇ ಒಂದು ಕಪ್ಪು ಪದ. ಆ ಪದವನ್ನು ಅಚ್ಚು ಹಾಕಲು ದೊಡ್ಡ ಕಾರ್ಖಾನೆ ಬೇಕಿಲ್ಲವೆಂಬುದನ್ನು ಮುದ್ರಣ ವೃತ್ತಿಯವರಿಗೆ ಹೇಳಬೇಕಾಗಿಲ್ಲ. ಮೇಲಚ್ಚಿಲ್ಲದ 10 ರೂಪಾಯಿ ಚೀಟಿಯ ವಿಷಯದಲ್ಲಿಯೂ ಬಳಸದ ಪ್ರತಿಗೆ ಬೇಡಿಕೆ ಹೆಚ್ಚು. ಅಲ್ಲಿ ಅನುಮಾನ ಹುಟ್ಟುವುದು ಅಂಟಿನ ಮೇಲೆ.

ಈ ಎರಡನೆಯ ಬಗೆಯ, ಮಧ್ಯಮ ಬೆಲೆಯ ಚೀಟಿಗಳಲ್ಲಿಯೇ ಲೆಕ್ಕ ಹಾಕಬೇಕಾಗುವುದು. ಒಂದು ಚೀಟಿ ಅಸಲಿಯೆಂದು ಸಿದ್ಧವಾದರೆ 60,000 ರೂ., ದೋಷಯುಕ್ತವೆಂದಾದರೆ 5,000 ರೂ., ಪ್ರಮಾಣಪತ್ರವಿಲ್ಲದೆ ಇದ್ದಂತೆಯೇ ಮಾರಿದರೆ 25,000 ರೂ. ಬರುವುದೆಂದೂ, ಶುಲ್ಕ, ವಿಮೆ, ಸಾಗಣೆ ಸೇರಿ 12,000 ರೂ. ತಗಲುವುದೆಂದೂ ಭಾವಿಸಬಹುದು. ಅಸಲಿಯಾಗುವ ಸಂಭವ ಅರ್ಧಕ್ಕರ್ಧವಿದ್ದರೆ ಸರಾಸರಿ ನಿರೀಕ್ಷೆ 32,500 ರೂ.; ವೆಚ್ಚ ಕಳೆದು ಉಳಿಯುವುದು 20,500 ರೂ. ಇದ್ದಂತೆಯೇ ಮಾರುವುದು ಲೇಸು. ಸಂಭವ ನಾಲ್ಕರಲ್ಲಿ ಮೂರು ಪಾಲಿದ್ದರೆ ಉಳಿಯುವುದು 34,250 ರೂ.; ಪ್ರಮಾಣಪತ್ರ ಲಾಭದಾಯಕ. ಇಲ್ಲಿ ಕ್ಯಾಟಲಾಗಿನ ಬೆಲೆಯನ್ನು ಹಿಡಿಯಬಾರದು. ಅದು ಅಂಗಡಿಯವರು ಮಾರುವ ದರವೇ ಹೊರತು ಕೊಳ್ಳುವ ದರವಲ್ಲ. ಪ್ರತಿಕೂಲ ಅಭಿಪ್ರಾಯ ಬಂದ ಮೇಲೆ ಅದನ್ನು ಮುಚ್ಚಿಟ್ಟು ಮಾರುವುದು ವಂಚನೆಯಾಗುವುದೆಂಬುದನ್ನೂ ಮೊದಲೇ ನೆನಪಿಡಬೇಕು.

ಆ ಸಂಭವವನ್ನು ಅಂದಾಜು ಮಾಡುವುದಕ್ಕೆ ವಿದೇಶಕ್ಕೆ ಕಳುಹಿಸಬೇಕಾಗಿಲ್ಲ. ಬೆಂಗಳೂರಿನಲ್ಲಿಯೇ ಕರ್ನಾಟಕ ಫಿಲಾಟೆಲಿಕ್ ಸೊಸೈಟಿಯಿದೆ. ಅನುಭವಿ ಸಂಗ್ರಾಹಕರು ಭೂತಗನ್ನಡಿ ಹಿಡಿದು ನೋಡಿದರೆ ಬಹುಪಾಲು ಸಂದೇಹಗಳು ಅಲ್ಲಿಯೇ ತೀರುತ್ತವೆ. 'ಮೈಸೂರು ಸಂಸ್ಥಾನದ ಅಪರೂಪದ ಅಂಚೆ ಚೀಟಿ' ಎಂದು ಯಾರಾದರೂ ತಂದರೆ ಅಷ್ಟೂ ಬೇಕಿಲ್ಲ. ತಿರುವಾಂಕೂರು, ಕೊಚ್ಚಿಗಳಂತೆ ಮೈಸೂರು ತನ್ನದೇ ಅಂಚೆ ಚೀಟಿ ಹೊರಡಿಸಲಿಲ್ಲ. ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಅಂತಹ ಚೀಟಿ ಬಹುಶಃ ನ್ಯಾಯಾಲಯ ಶುಲ್ಕದ್ದೋ ಕಂದಾಯದ್ದೋ ಆಗಿರುತ್ತದೆ. ಸ್ವಾತಂತ್ರ್ಯಾನಂತರ ಲಕ್ಷಗಟ್ಟಲೆ ಅಚ್ಚಾದ ಸ್ಮಾರಕ ಚೀಟಿಗಳಿಗೂ, ಅಚ್ಚಿನ ದೋಷವಿರುವ ವಿರಳ ಪ್ರತಿಗಳನ್ನು ಬಿಟ್ಟರೆ, ಪ್ರಮಾಣಪತ್ರ ವ್ಯರ್ಥ.

ಕಚೇರಿಯ ಹಳೆಯ ಕಡತಗಳಲ್ಲಿ ಲಕೋಟೆಗಳು ದೊರೆತರೆ ಚೀಟಿಯನ್ನು ಕತ್ತರಿಸಿ ತೆಗೆಯಬಾರದು. ಮುದ್ರೆ, ದಿನಾಂಕ, ವಿಳಾಸ ಸಹಿತವಾದ ಇಡೀ ಲಕೋಟೆಯೇ ಅನೇಕ ವೇಳೆ ಹೆಚ್ಚು ಬೆಲೆಯುಳ್ಳದ್ದು. ತಜ್ಞರ ಪರೀಕ್ಷೆಗೂ ಅದೇ ಆಧಾರ. 1852ರ ಸಿಂಧ್ ಡಾಕ್ ಅಥವಾ 1854ರ ನಾಲ್ಕಾಣೆ ಚೀಟಿಯಂತಹವು ಕೈಗೆ ಬಂದಲ್ಲಿ, ನೂರು ವರ್ಷ ಮೀರಿದ ಐತಿಹಾಸಿಕ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯಿದೆ ಅನ್ವಯಿಸಬಹುದಾದ ಕಾರಣ, ಪರೀಕ್ಷೆಗೆಂದು ದೇಶದ ಹೊರಗೆ ಕಳುಹಿಸುವ ಮುನ್ನ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯನ್ನು ವಿಚಾರಿಸುವುದು ಅವಶ್ಯಕ.