ಬ್ರಸೆಲ್ಸಿನ ಸುದ್ದಿಗಾರರು

ಬೆಲ್ಜಿಯಂ ದೇಶದ ರಾಜಧಾನಿ ಬ್ರಸೆಲ್ಸ್. ಆ ನಗರದಲ್ಲಿ ಬರ್ಲೇಮಾಂಟ್ ಎಂಬ ವಿಶಾಲವಾದ ಕಟ್ಟಡವೊಂದಿದೆ. ಯೂರೋಪಿಯನ್ ಒಕ್ಕೂಟದ ಆಯೋಗದ ಕಾರ್ಯಸ್ಥಾನ ಅದು. ಕೆಲಸದ ದಿನಗಳಲ್ಲಿ ನಡುಹಗಲು ಹನ್ನೆರಡು ಗಂಟೆಯಾಗುತ್ತಲೇ ಅದರ ಪತ್ರಿಕಾ ಸಭಾಂಗಣದಲ್ಲಿ ನಾನಾ ದೇಶಗಳ ಸುದ್ದಿಗಾರರು ಬಂದು ನೆರೆಯುತ್ತಾರೆ. ಆಯೋಗದ ವಕ್ತಾರರು ಅಂದಿನ ವಿಷಯಗಳನ್ನು ತಿಳಿಸುತ್ತಾರೆ. ಸುದ್ದಿಗಾರರು ಪ್ರಶ್ನೆಗಳ ಮಳೆಗರೆಯುತ್ತಾರೆ. ಮೀನುಗಾರರ ಬಲೆಯಿಂದ ಹಿಡಿದು ಯುದ್ಧ ಶಾಂತಿಗಳವರೆಗೆ ಯಾವ ವಿಷಯವಾದರೂ ಅಲ್ಲಿ ಪ್ರಸ್ತಾಪಕ್ಕೆ ಬರಬಹುದು.

ಎರಡನೆಯ ಮಹಾಯುದ್ಧದಲ್ಲಿ ಯೂರೋಪು ಬೂದಿಯಾಯಿತು. ಪರಸ್ಪರ ಹೋರಾಡಿದ ರಾಷ್ಟ್ರಗಳು ಮತ್ತೆ ಕತ್ತಿ ಮಸೆಯದಂತೆ ಮಾಡುವುದು ಹೇಗೆ ಎಂಬ ಚಿಂತೆಯಿಂದ ಹುಟ್ಟಿದ್ದೇ ಈ ಒಕ್ಕೂಟ. 1951ರಲ್ಲಿ ಆರು ರಾಷ್ಟ್ರಗಳು ಯುದ್ಧಸಾಮಗ್ರಿಯ ಮೂಲವಾದ ಕಲ್ಲಿದ್ದಲು ಮತ್ತು ಉಕ್ಕುಗಳನ್ನು ಸಮಾನ ಆಡಳಿತಕ್ಕೆ ಒಪ್ಪಿಸಲು ಒಡಂಬಟ್ಟವು. ಇಂದು ಒಕ್ಕೂಟದಲ್ಲಿ 27 ರಾಷ್ಟ್ರಗಳಿವೆ. 24 ಅಧಿಕೃತ ಭಾಷೆಗಳಿವೆ. ಆಯೋಗವು ಶಾಸನಗಳನ್ನು ಸೂಚಿಸುತ್ತದೆ. ಜನರು ಚುನಾಯಿಸಿದ ಸಂಸತ್ತೂ ರಾಷ್ಟ್ರಗಳ ಮಂತ್ರಿಗಳ ಮಂಡಲಿಯೂ ಅವುಗಳನ್ನು ಪರಿಶೀಲಿಸಿ ಅಂಗೀಕರಿಸುತ್ತವೆ. ಹೀಗೆ ಹಲವು ರಾಷ್ಟ್ರಗಳ ಮೇಲೆ ಅಧಿಕಾರವುಳ್ಳ ಸಂಸ್ಥೆಯನ್ನು ಅಧಿರಾಷ್ಟ್ರೀಯ ಸಂಸ್ಥೆ ಎನ್ನುತ್ತಾರೆ.

ಇಂತಹ ಸಂಸ್ಥೆಯ ಸುದ್ದಿಯನ್ನು ಬರೆಯುವುದು ಸುಲಭದ ಕೆಲಸವಲ್ಲ. ಸ್ವದೇಶದ ರಾಜಧಾನಿಯಲ್ಲಿ ಮಂತ್ರಿಗಳು ಯಾರು, ಪಕ್ಷಗಳು ಯಾವುವು ಎಂಬುದು ಓದುಗರಿಗೆ ಮೊದಲೇ ತಿಳಿದಿರುತ್ತದೆ. ಬ್ರಸೆಲ್ಸಿನಲ್ಲಿ ಹಾಗಲ್ಲ. ಅಲ್ಲಿ ಒಂದು ಶಾಸನದ ಸೂಚನೆ ಹೊರಟು ಅದು ಜಾರಿಗೆ ಬರುವಷ್ಟರಲ್ಲಿ ವರ್ಷಗಳೇ ಉರುಳಬಹುದು. ಪತ್ರಿಕೆಗಾದರೋ ಇಂದಿನ ಸುದ್ದಿ ಇಂದೇ ಬೇಕು. ಆದುದರಿಂದ ಶುಷ್ಕವಾದ ವಿಷಯವನ್ನು ಸ್ವಾರಸ್ಯಗೊಳಿಸುವ ಆಸೆ ಸುದ್ದಿಗಾರನನ್ನು ಕಾಡುವುದು ಸಹಜ. ಆ ಆಸೆ ಮಿತಿಮೀರಿದರೆ ಏನಾಗುವುದೆಂಬುದಕ್ಕೆ ಬಾಳೆಹಣ್ಣಿನ ಕಥೆಯೇ ನಿದರ್ಶನ.

1994ರಲ್ಲಿ ಆಯೋಗವು ಬಾಳೆಕಾಯಿಗಳ ಗುಣಮಟ್ಟವನ್ನು ಕುರಿತು ಒಂದು ನಿಯಮವನ್ನು ಹೊರಡಿಸಿತು. ಕಾಯಿಯ ಉದ್ದ ಕನಿಷ್ಠ 14 ಸೆಂಟಿಮೀಟರ್ ಇರಬೇಕು, ಅಸಹಜವಾದ ಡೊಂಕು ಇರಬಾರದು ಎಂಬ ಮಾತುಗಳು ಅದರಲ್ಲಿದ್ದವು. ಬ್ರಿಟನ್ನಿನ ಕೆಲವು ಪತ್ರಿಕೆಗಳು ಇಷ್ಟನ್ನೇ ಹಿಡಿದು, ಬಾಗಿದ ಬಾಳೆಹಣ್ಣುಗಳನ್ನು ಬ್ರಸೆಲ್ಸಿನವರು ನಿಷೇಧಿಸಿದರೆಂದು ಸಾರಿದವು. ವಾಸ್ತವವಾಗಿ ಆ ನಿಯಮ ಹಣ್ಣುಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿತ್ತು. ಕೆಳಗಿನ ದರ್ಜೆಯಲ್ಲಿ ಆಕಾರದ ದೋಷಗಳಿಗೆ ಅವಕಾಶವಿತ್ತು. ಸುದ್ದಿಯಲ್ಲಿ ಸತ್ಯದ ಬೀಜ ಇಲ್ಲದಿರಲಿಲ್ಲ. ಆದರೆ ಬೀಜವನ್ನು ತೋರಿಸಿ ಇಲ್ಲದ ಮರವನ್ನು ಬಣ್ಣಿಸಲಾಗಿತ್ತು. ಎರಡು ದಶಕಗಳ ಅನಂತರ, 2016ರಲ್ಲಿ, ಒಕ್ಕೂಟದಲ್ಲಿ ಉಳಿಯಬೇಕೆ ಬೇಡವೆ ಎಂದು ಬ್ರಿಟನ್ನಿನ ಜನರು ಮತ ನೀಡಿದಾಗಲೂ ಪ್ರಚಾರದಲ್ಲಿ ಬಾಳೆಹಣ್ಣಿನ ಮಾತು ಕೇಳಿಬಂದಿತು. ಬ್ರಿಟನ್ 2020ರ ಜನವರಿ 31ರಂದು ಒಕ್ಕೂಟವನ್ನು ತೊರೆಯಿತು. ಅದಕ್ಕೆ ಕಾರಣಗಳು ಹಲವು. ಬಾಳೆಹಣ್ಣೇ ಕಾರಣವೆಂದರೆ ಅದೂ ಅಂತಹುದೇ ಇನ್ನೊಂದು ಉತ್ಪ್ರೇಕ್ಷೆಯಾದೀತು. ಆದರೆ ಒಮ್ಮೆ ಹರಡಿದ ಅರೆಸತ್ಯ ಎಷ್ಟು ಕಾಲ ಬಾಳುತ್ತದೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಸುದ್ದಿಗಾರನಿಗೆ ಎದುರಾಗುವ ಇನ್ನೊಂದು ತೊಡಕು ಬೇರೆ ಬಗೆಯದು. ರಾಷ್ಟ್ರನಾಯಕರ ಶೃಂಗಸಭೆಗಳು ಮುಚ್ಚಿದ ಬಾಗಿಲುಗಳ ಹಿಂದೆ ನಡೆಯುತ್ತವೆ. ಸಭೆ ಮುಗಿದೊಡನೆ ಒಬ್ಬೊಬ್ಬ ನಾಯಕನೂ ತನ್ನ ದೇಶದ ಸುದ್ದಿಗಾರರಿಗೆ ತನ್ನ ಗೆಲುವನ್ನೇ ವರ್ಣಿಸುತ್ತಾನೆ. 2000ದ ಡಿಸೆಂಬರಿನಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ನಡೆದ ಸಭೆ ಇದಕ್ಕೆ ಉದಾಹರಣೆ. ಮಂತ್ರಿಗಳ ಮಂಡಲಿಯಲ್ಲಿ ಯಾವ ದೇಶಕ್ಕೆ ಎಷ್ಟು ಮತಗಳಿರಬೇಕೆಂಬ ವಾದ 11ನೆಯ ತಾರೀಖಿನ ನಸುಕಿನವರೆಗೂ ಸಾಗಿತು. ಕೊನೆಗೆ ಜರ್ಮನಿ ಫ್ರಾನ್ಸುಗಳಿಗೆ ಸಮನಾಗಿ 29 ಮತಗಳು ದೊರೆತವು. ಆದರೆ ಜನಸಂಖ್ಯೆಯನ್ನು ಲೆಕ್ಕಕ್ಕೆ ತರುವ ಬೇರೊಂದು ಷರತ್ತಿನಿಂದ ಜರ್ಮನಿಯ ಕೈ ಬಲವಾಯಿತು. ನೆದರ್ಲೆಂಡ್ಸಿಗೆ 13 ಮತಗಳು, ನೆರೆಯ ಬೆಲ್ಜಿಯಂಗೆ 12; ಆದರೆ ಮುಂದಿನ ಶೃಂಗಸಭೆಗಳು ಬ್ರಸೆಲ್ಸಿನಲ್ಲಿ ನಡೆಯುವುವೆಂಬ ಮಾತು ಬೆಲ್ಜಿಯಂಗೆ ದೊರೆಯಿತು. ನಾಲ್ಕು ದೇಶಗಳವರೂ ತಮಗೇ ಲಾಭವಾಯಿತೆಂದು ಹೇಳಿಕೊಳ್ಳಬಹುದಾಗಿತ್ತು. ಯಾರ ಮಾತೂ ಸುಳ್ಳಾಗುತ್ತಿರಲಿಲ್ಲ. ಇದು ಅಂಧಗಜನ್ಯಾಯ. ಕಾಲನ್ನು ಮುಟ್ಟಿದವನು ಕಂಬವೆಂದ, ಕಿವಿಯನ್ನು ಮುಟ್ಟಿದವನು ಮೊರವೆಂದ. ಇಡೀ ಆನೆಯನ್ನು ಕಾಣಬೇಕೆನ್ನುವ ಸುದ್ದಿಗಾರ ತನ್ನ ದೇಶದವರ ಮಾತನ್ನಷ್ಟೇ ಕೇಳಿ ಸುಮ್ಮನಾಗುವುದಿಲ್ಲ. ಪರದೇಶದ ಸುದ್ದಿಗಾರರೊಡನೆ ಟಿಪ್ಪಣಿಗಳನ್ನು ಹೋಲಿಸುತ್ತಾನೆ. ಒಪ್ಪಂದದ ಮೂಲಪಾಠವನ್ನು ತಾನೇ ಓದುತ್ತಾನೆ.

ವಕ್ತಾರರು ಹೇಳಿದ್ದನ್ನು ಬರೆದುಕೊಳ್ಳುವುದರಿಂದಲೇ ಅವನ ಕರ್ತವ್ಯ ಮುಗಿಯದು. 1998ರಲ್ಲಿ ಆಯೋಗದ ಆಡಳಿತದಲ್ಲಿ ಹಣದ ದುರುಪಯೋಗವೂ ಸ್ವಜನಪಕ್ಷಪಾತವೂ ನಡೆದಿವೆಯೆಂಬ ಆರೋಪಗಳು ಪತ್ರಿಕೆಗಳಲ್ಲಿ ಬಂದವು. ಪಾಲ್ ವಾನ್ ಬ್ಯೂಟೆನೆನ್ ಎಂಬ ಅಧಿಕಾರಿ ತಾನು ಕಂಡುದನ್ನು ಸಂಸತ್ತಿನ ಗಮನಕ್ಕೆ ತಂದನು. ಆಯೋಗ ಅವನನ್ನು ಅಮಾನತಿನಲ್ಲಿಟ್ಟು ಸಂಬಳವನ್ನು ಅರ್ಧಕ್ಕಿಳಿಸಿತು. ಆದರೆ ವಿಷಯ ಮುಚ್ಚಿಹೋಗಲಿಲ್ಲ. ಐವರು ಸ್ವತಂತ್ರ ತಜ್ಞರ ಸಮಿತಿ ವಿಚಾರಣೆ ನಡೆಸಿ 1999ರ ಮಾರ್ಚ್ 15ರಂದು ವರದಿ ಒಪ್ಪಿಸಿತು. ಅಂದಿನ ರಾತ್ರಿಯೇ ಅಧ್ಯಕ್ಷ ಜಾಕ್ ಸಾಂತೇರ್ ಮತ್ತು ಆಯೋಗದ ಸದಸ್ಯರೆಲ್ಲರೂ ರಾಜೀನಾಮೆಯನ್ನು ಪ್ರಕಟಿಸಿದರು.

ಅಧಿಕಾರವನ್ನು ಪ್ರಶ್ನಿಸಿದವನಿಗೆ ತೊಂದರೆ ತಪ್ಪಿದ್ದಲ್ಲ. ಜರ್ಮನಿಯ ‘ಸ್ಟರ್ನ್’ ವಾರಪತ್ರಿಕೆಯ ಸುದ್ದಿಗಾರ ಹಾನ್ಸ್ ಮಾರ್ಟಿನ್ ಟಿಲ್ಲಾಕ್ 2002ರಲ್ಲಿ ಒಕ್ಕೂಟದ ವಂಚನೆ ತಡೆ ಕಚೇರಿಯ ಗೋಪ್ಯ ಕಾಗದಗಳ ಆಧಾರದಿಂದ ಲೇಖನಗಳನ್ನು ಬರೆದನು. ಹಣ ಕೊಟ್ಟು ಅವುಗಳನ್ನು ಪಡೆದನೆಂಬ ಸಂಶಯದ ಮೇಲೆ 2004ರಲ್ಲಿ ಬೆಲ್ಜಿಯಂ ಪೊಲೀಸರು ಅವನ ಮನೆಯನ್ನೂ ಕಚೇರಿಯನ್ನೂ ಶೋಧಿಸಿ, ಕಾಗದಪತ್ರಗಳನ್ನೂ ಗಣಕಯಂತ್ರಗಳನ್ನೂ ಕೊಂಡೊಯ್ದರು. ಅವನು ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯದ ಮೊರೆಹೊಕ್ಕನು. ಸುದ್ದಿಯ ಮೂಲವನ್ನು ಗುಟ್ಟಾಗಿಡುವುದು ಪತ್ರಕರ್ತನ ಹಕ್ಕು. ಬರಿಯ ವದಂತಿಯನ್ನು ನಂಬಿ ಶೋಧನೆ ನಡೆಸಿದ್ದು ತಪ್ಪು ಎಂದು ನ್ಯಾಯಾಲಯ 2007ರಲ್ಲಿ ತೀರ್ಪಿತ್ತಿತು.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬುದು ಹಿರಿಯರ ನುಡಿ. ದೂರದ ಅಧಿಕಾರವನ್ನು ಪ್ರಜೆಗಳು ಪ್ರತ್ಯಕ್ಷವಾಗಿ ಕಾಣಲಾರರು. ಸುದ್ದಿಗಾರನ ಕಣ್ಣೇ ಅವರ ಕಣ್ಣು. ಆ ಕಣ್ಣು ಇಲ್ಲದ ತಪ್ಪನ್ನು ಕಂಡರೆ ಜನರು ಮೋಸಹೋಗುತ್ತಾರೆ. ಇರುವ ತಪ್ಪನ್ನು ಕಾಣದಿದ್ದರೂ ಮೋಸಹೋಗುತ್ತಾರೆ. ಬರೆಯುವವನಿಗಿರಬೇಕಾದ ಈ ಎಚ್ಚರ ಓದುವವನಿಗೂ ಬೇಕು.

ಅಭ್ಯಾಸ

1. ಅಧಿರಾಷ್ಟ್ರೀಯ ಸಂಸ್ಥೆ ಎಂದರೇನು?
2. ಬಾಳೆಹಣ್ಣಿನ ಸುದ್ದಿಯಲ್ಲಿ ಸತ್ಯವೆಷ್ಟು, ಉತ್ಪ್ರೇಕ್ಷೆಯೆಷ್ಟು? ವಿವರಿಸಿರಿ.
3. ನೀಸ್ ಸಭೆಯ ಪ್ರಸಂಗಕ್ಕೆ ಅಂಧಗಜನ್ಯಾಯ ಹೇಗೆ ಹೊಂದುತ್ತದೆ?
4. ಒಂದೇ ಸುದ್ದಿಯನ್ನು ಎರಡು ಪತ್ರಿಕೆಗಳಲ್ಲಿ ಓದಿ, ಕಂಡುಬಂದ ವ್ಯತ್ಯಾಸಗಳನ್ನು ಬರೆಯಿರಿ.