ಟೆಲ್ಯೂರೈಡ್: ಹೆಸರಿನ ತಲೆ ಮತ್ತು ಬಾಲ



ಹೋದ ಕಿರುಪರೀಕ್ಷೆಯಲ್ಲಿ 'ಸೋಡಿಯಂ ಸಲ್ಫೈಡ್' ಎಂದು ಬರೆಯಬೇಕಾದ ಕಡೆ 'ಸೋಡಿಯಂ ಸಲ್ಫೇಟ್' ಎಂದು ಬರೆದು ಎರಡು ಅಂಕ ಕಳಕೊಂಡೆ. "ಬಾಲ ತಾನೇ ಸಾರ್ ತಪ್ಪಿದ್ದು?" ಅಂದೆ. ಮೇಷ್ಟ್ರು ಬೈಯಲಿಲ್ಲ. "ಟೆಲ್ಯೂರೈಡ್ ಅಂದರೇನು, ಓದಿ ಗೋಡೆ ಪತ್ರಿಕೆಗೆ ಬರಿ" ಅಂದರು. ಓದಿದ್ದನ್ನು ಬರೆದಿದ್ದೇನೆ.

ಮೊದಲು ತಲೆ. ಟೆಲ್ಯೂರಿಯಂ ಒಂದು ಮೂಲವಸ್ತು. ಪರಮಾಣು ಸಂಖ್ಯೆ 52. ಆವರ್ತ ಕೋಷ್ಟಕದಲ್ಲಿ ಆಮ್ಲಜನಕ, ಗಂಧಕ, ಸೆಲೆನಿಯಂ ಇರುವ ಕಂಬಸಾಲಿನಲ್ಲೇ ಇದೆ. 1782ರಲ್ಲಿ ಟ್ರಾನ್ಸಿಲ್ವೇನಿಯಾದ (ಈಗ ರುಮೇನಿಯಾದಲ್ಲಿದೆ) ಚಿನ್ನದ ಅದಿರಿನಲ್ಲಿ ಮ್ಯೂಲರ್ ಎಂಬ ಗಣಿ ಅಧಿಕಾರಿ ಇದನ್ನು ಕಂಡುಹಿಡಿದರು. 1798ರಲ್ಲಿ ಬರ್ಲಿನ್ನಿನ ಕ್ಲಾಪ್ರೋತ್ ಅದನ್ನು ಖಚಿತಪಡಿಸಿ ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ 'ಟೆಲ್ಲಸ್' ಎಂದರೆ ಭೂಮಿ. ಯುರೇನಸ್ ಗ್ರಹದಿಂದ ಯುರೇನಿಯಂ ಎಂಬ ಹೆಸರು ಕೊಟ್ಟವರೂ ಇವರೇ. ಮುಂದೆ 1817ರಲ್ಲಿ ಇದನ್ನೇ ಹೋಲುವ ಇನ್ನೊಂದು ಮೂಲವಸ್ತು ಸಿಕ್ಕಾಗ, ಬರ್ಜೀಲಿಯಸ್ ಅದಕ್ಕೆ ಚಂದ್ರನ ಗ್ರೀಕ್ ಹೆಸರಿನಿಂದ 'ಸೆಲೆನಿಯಂ' ಎಂದು ಕರೆದರು. ಭೂಮಿಗೆ ಚಂದ್ರ ಜೊತೆಯಾಯಿತು!

ಇನ್ನು ಬಾಲ. 'ಐಡ್' ಎಂದು ಮುಗಿದರೆ, ಸಾಮಾನ್ಯವಾಗಿ ಎರಡೇ ಮೂಲವಸ್ತುಗಳು ಸೇರಿವೆ ಎಂದರ್ಥ. 'ಏಟ್' ಎಂದು ಮುಗಿದರೆ ಜೊತೆಗೆ ಆಮ್ಲಜನಕವೂ ಇದೆ.

ಆಮ್ಲಜನಕ – ಆಕ್ಸೈಡ್
ಗಂಧಕ – ಸಲ್ಫೈಡ್, ಸಲ್ಫೇಟ್
ಟೆಲ್ಯೂರಿಯಂ – ಟೆಲ್ಯೂರೈಡ್, ಟೆಲ್ಯೂರೇಟ್

ಅಂದರೆ ಟೆಲ್ಯೂರಿಯಂ ಒಂದು ಲೋಹದ ಜೊತೆ ಸೇರಿ ಆದ ಸಂಯುಕ್ತವೇ ಟೆಲ್ಯೂರೈಡ್.

ಚಿನ್ನ ಸುಲಭಕ್ಕೆ ಯಾರ ಜೊತೆಗೂ ಸೇರೋದಿಲ್ಲ. ತುಕ್ಕೂ ಹಿಡಿಯೋದಿಲ್ಲ. ಆದರೆ ನೆಲದೊಳಗೆ ಟೆಲ್ಯೂರಿಯಂ ಜೊತೆ ಸೇರುತ್ತದೆ. ಕ್ಯಾಲವರೈಟ್ ಎಂಬ ಖನಿಜ ಅಂಥ ಚಿನ್ನದ ಟೆಲ್ಯೂರೈಡ್. ಅದರ ತೂಕದಲ್ಲಿ ನೂರಕ್ಕೆ ಸುಮಾರು 43 ಪಾಲು ಚಿನ್ನ! ನೋಡಲು ಮಾತ್ರ ಬಿಳಿಹಳದಿ ಕಲ್ಲು.

ಪಶ್ಚಿಮ ಆಸ್ಟ್ರೇಲಿಯಾದ ಕಾಲ್ಗೂರ್ಲಿಯಲ್ಲಿ 1893ರಲ್ಲಿ ಚಿನ್ನ ಸಿಕ್ಕಿತು. ಜನ ಮುಗಿಬಿದ್ದರು. ಹಳದಿ ಚಿನ್ನ ಆರಿಸಿಕೊಂಡು, ಈ ಕಲ್ಲನ್ನು ಕೆಲಸಕ್ಕೆ ಬಾರದ್ದೆಂದು ಎಸೆದರು. ರಸ್ತೆಯ ಗುಂಡಿಗೂ ತುಂಬಿದರು. 1896ರಲ್ಲಿ ಅದು ಟೆಲ್ಯೂರೈಡ್ ಎಂದು ತಿಳಿಯಿತು. ಅದನ್ನು ಹುರಿದರೆ ಟೆಲ್ಯೂರಿಯಂ ಹೊಗೆಯಾಗಿ ಹೋಗಿ ಚಿನ್ನ ಉಳಿಯುತ್ತದೆ. ಆಮೇಲೆ ಏನು ಮಾಡಿದರು ಗೊತ್ತೆ? ತಾವೇ ಹಾಕಿದ ರಸ್ತೆಯನ್ನು ತಾವೇ ಅಗೆದರು!

ಯಾವುದು ಯಾವುದರ ಜೊತೆ ಸೇರಿದೆ ಎಂದು ತಿಳಿಯದೆ ಅವರು ಮೂರು ವರ್ಷ ಚಿನ್ನ ತುಳಿದುಕೊಂಡು ಓಡಾಡಿದರು. ನಾನು ಕಳಕೊಂಡದ್ದು ಎರಡೇ ಅಂಕ. ಇನ್ನು ಮೇಲೆ ಹೆಸರನ್ನು ಬಾಯಿಪಾಠ ಮಾಡೋದಿಲ್ಲ, ಬಿಡಿಸಿ ಓದುತ್ತೇನೆ.

ನಿಮಗೊಂದು ಪ್ರಶ್ನೆ: ಸೌರಫಲಕಗಳಲ್ಲಿ ಬಳಸುವ 'ಕ್ಯಾಡ್ಮಿಯಂ ಟೆಲ್ಯೂರೈಡ್'ನಲ್ಲಿ ಆಮ್ಲಜನಕ ಇದೆಯೇ? ಬಾಲ ನೋಡಿ ಹೇಳಿ.

– 10ನೇ ತರಗತಿಯ ವಿದ್ಯಾರ್ಥಿನಿ