ಫಾರ್ಮ್ಯಾಟ್ ಹೊಡೆಸದೆ ಎಬ್ಬಿಸಿದ್ದು

ಕಂಪ್ಯೂಟರ್ ಆನ್ ಆಗಲಿಲ್ಲವೆಂದರೆ ನಮ್ಮೂರಿನ ರಿಪೇರಿಯವರ ಹತ್ತಿರ ಇರುವುದು ಒಂದೇ ಮದ್ದು, ಫಾರ್ಮ್ಯಾಟ್. ನೆಗಡಿಗೂ ಅದೇ, ಕೈ ಮುರಿದರೂ ಅದೇ. ನನ್ನ ಡಿಟಿಪಿ ಅಂಗಡಿಯ ಸಿಸ್ಟಮ್ಮನ್ನು ಎರಡು ದಿನ ಇಟ್ಟುಕೊಂಡ ಹುಡುಗ ಕೊನೆಗೆ ಹೇಳಿದ್ದೂ ಅದನ್ನೇ: "ಮೇಡಂ, ವಿಂಡೋಸ್ ಹೋಗಿದೆ. ಸಿ ಡ್ರೈವ್ ಫಾರ್ಮ್ಯಾಟ್ ಹೊಡೆದರೆ ಸಂಜೆಗೆ ಕೊಡ್ತೀನಿ." ಡಿಟಿಪಿಯವರ ಸಂಸಾರವೆಲ್ಲ ಡೆಸ್ಕ್‌ಟಾಪಿನ ಮೇಲೆ, ಅಂದರೆ ಸಿ ಡ್ರೈವ್‌ನಲ್ಲೇ ಇರುತ್ತದೆಂದು ಅವನಿಗೇನು ಗೊತ್ತು? ಪ್ರೂಫ್ ಮುಗಿದ ಲಗ್ನಪತ್ರಿಕೆಗಳು, ಸಹಕಾರ ಸಂಘದ ವಾರ್ಷಿಕ ವರದಿ, ಹಳೇ ನುಡಿ ಫಾಂಟುಗಳು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದೇ 2001ರಲ್ಲಿ. ಅದನ್ನು ವಿಂಡೋಸ್ 10ರಲ್ಲಿ ಮತ್ತೊಮ್ಮೆ ಕೂರಿಸುವ ಕಷ್ಟ ಕೂರಿಸಿದವರಿಗೇ ಗೊತ್ತು. "ನೋಡಿದ ಚಾರ್ಜ್" ಕೇಳಿದ, ಕೊಡದೆ ಸಿಪಿಯು ಎತ್ತಿಕೊಂಡು ಬಂದೆ.

ಇಷ್ಟಕ್ಕೆಲ್ಲ ಕಾರಣ ನನ್ನ ಮೈದುನ. ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ ಎಂದು ಪರದೆ ಕೂಗುತ್ತಿದ್ದರೂ ಮೊಬೈಲ್ ಚಾರ್ಜಿಗೆ ಹಾಕಲು ಸಿಪಿಯು ಪ್ಲಗ್ಗನ್ನೇ ಕಿತ್ತ. "ಎರಡೇ ನಿಮಿಷ ಅಲ್ವಾ ಅತ್ತಿಗೆ" ಎಂದು ಈಗಲೂ ವಾದಿಸುತ್ತಾನೆ. ಆಮೇಲೆ ಬಂದದ್ದು ನೀಲಿ ಪರದೆ: ಸಿಸ್ಟಮ್32ರ ಕಾನ್ಫಿಗ್ ಫೋಲ್ಡರಿನಲ್ಲಿರುವ "ಸಿಸ್ಟಮ್" ಫೈಲ್ ಇಲ್ಲ, ಇಲ್ಲವೇ ಕೆಟ್ಟಿದೆ. ಅದು ರಿಜಿಸ್ಟ್ರಿಯ ಒಂದು ಭಾಗ, ಯಾವ ಡ್ರೈವರ್ ಯಾವಾಗ ಏಳಬೇಕೆಂಬ ಲೆಕ್ಕ ಅದರಲ್ಲಿರುತ್ತದೆ. ಅದು ಕೆಟ್ಟರೆ ವಿಂಡೋಸ್ ಏಳುವುದಿಲ್ಲ, ನಿಜ. ಆದರೆ ಅಷ್ಟಕ್ಕೇ ನಮ್ಮ ಫೈಲುಗಳು ಅಳಿಸಿಹೋಗುವುದಿಲ್ಲ.

ಗೆಳತಿಯ ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟ್‌ನವರ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ, 8 ಜಿಬಿ ಪೆನ್‌ಡ್ರೈವಿಗೆ ವಿಂಡೋಸ್ ಹಾಕಿಕೊಂಡೆ. ಅದರಿಂದ ಬೂಟ್ ಮಾಡಿ, "ಇನ್‌ಸ್ಟಾಲ್" ಒತ್ತದೆ ಕೆಳಗಿನ "ರಿಪೇರ್" ಒತ್ತಿ, ಕಮಾಂಡ್ ಪ್ರಾಂಪ್ಟಿಗೆ ಹೋದೆ. ಸಿ ಡ್ರೈವ್ ತೆರೆದರೆ ವಿಂಡೋಸ್ ಫೋಲ್ಡರೇ ಇಲ್ಲ! ಯೂಸರ್ಸ್ ಇಲ್ಲ, ನನ್ನದೆನ್ನುವುದು ಏನೂ ಇಲ್ಲ. ಆ ಹುಡುಗ ಹೇಳದೆ ಕೇಳದೆ ಫಾರ್ಮ್ಯಾಟ್ ಮಾಡಿಯೇ ಕೊಟ್ಟನೇ? ಕೈಕಾಲು ತಣ್ಣಗಾದವು. ಮರುದಿನ ಬೆಳಿಗ್ಗೆ ಲಗ್ನಪತ್ರಿಕೆ ಒಯ್ಯಲು ಹೆಣ್ಣಿನ ಕಡೆಯವರು ಬರುವವರಿದ್ದರು. ಅವನಿಗೆ ಫೋನ್ ಮಾಡಿ ಬಾಯಿಗೆ ಬಂದದ್ದು ಬೈದೆ. "ನಾನು ಮುಟ್ಟೇ ಇಲ್ಲ ಮೇಡಂ" ಅಂದ. ಎರಡು ದಿನ ಇಟ್ಟುಕೊಂಡು ಮುಟ್ಟೇ ಇಲ್ಲವಂತೆ!

ಏನೂ ತೋಚದೆ ಡಿ ಎಂದು ಟೈಪ್ ಮಾಡಿದೆ. ಎಲ್ಲವೂ ಅಲ್ಲಿತ್ತು. ರಿಪೇರಿ ಮೋಡಿನಲ್ಲಿ ಡ್ರೈವ್‌ಗಳ ಅಕ್ಷರ ಅದಲುಬದಲಾಗುತ್ತವಂತೆ, ಇದನ್ನು ಯಾರಾದರೂ ಮೊದಲೇ ಹೇಳಬಾರದೇ?

ಇಷ್ಟಾದರೂ ಗಂಡಾಂತರ ಮುಗಿಯಲಿಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದ ನಮ್ಮ ಭಾವ ಫೋನಿನಲ್ಲೇ ಆಜ್ಞೆ ಮಾಡುತ್ತಿದ್ದರು: ರೆಗ್‌ಬ್ಯಾಕ್ ಫೋಲ್ಡರಿನಲ್ಲಿ ನಕಲು ಇರುತ್ತೆ, ಕಾಪಿ ಹೊಡಿ, ಅಷ್ಟೆ. ಹೊಡೆದೆ. ಹಳೆಯದರ ಮೇಲೆ ಬರೆಯಲೇ ಎಂದು ಯಂತ್ರ ಕೇಳಿತು. ಅಷ್ಟರಲ್ಲಿ ಮೇಲಿನ ಪಟ್ಟಿಯತ್ತ ಕಣ್ಣು ಹೋಯಿತು. ಆ ನಕಲಿನ ಅಳತೆ 0! ಬೇಡ ಎಂದು ಒತ್ತಿದೆ. ಆಮೇಲೆ ತಿಳಿಯಿತು, 2018ರ 1803 ಆವೃತ್ತಿಯಿಂದ ವಿಂಡೋಸ್ 10 ಅಲ್ಲಿ ನಕಲು ಇಡುವುದನ್ನೇ ನಿಲ್ಲಿಸಿದೆ, ಖಾಲಿ ಫೈಲಷ್ಟೇ ಇರುತ್ತದೆ. ಭಾವನಿಗೆ ಹೇಳಿದರೆ "ಹೌದಾ?" ಅಂದರು.

ಕೊನೆಗೆ ಕೆಲಸ ಮಾಡಿದ್ದು ಅದೇ ಪೆನ್‌ಡ್ರೈವಿನ ಸಿಸ್ಟಮ್ ರಿಸ್ಟೋರ್. ಪ್ರಿಂಟರ್ ಡ್ರೈವರ್ ಹಾಕುವ ಮುಂಚೆ ವಿಂಡೋಸ್ ತಾನಾಗಿ ಉಳಿಸಿಕೊಂಡಿದ್ದ ರಿಸ್ಟೋರ್ ಪಾಯಿಂಟ್ ಒಂದಿತ್ತು. ಮೊದಲು ಚೆಕ್‌ಡಿಸ್ಕ್ ಓಡಿಸಿ, ಆಮೇಲೆ ಅದನ್ನು ಆರಿಸಿದೆ. ಪೇಜ್‌ಮೇಕರ್ ಸಮೇತ ಎಲ್ಲವೂ ಎದ್ದಿತು. ಪ್ರಿಂಟರ್ ಡ್ರೈವರ್ ಮಾತ್ರ ಮತ್ತೆ ಹಾಕಬೇಕಾಯಿತು.

ನೀವೂ ಇಂದೇ ಸಿಸ್ಟಮ್ ಪ್ರೊಟೆಕ್ಷನ್ ಆನ್ ಇದೆಯೇ ನೋಡಿ, ಎಷ್ಟೋ ಯಂತ್ರಗಳಲ್ಲಿ ಆಫ್ ಇರುತ್ತದೆ. ರಿಪೇರಿಗಿಂತ ಫೈಲುಗಳೇ ಮುಖ್ಯವೆಂದರೆ ಉಬುಂಟು ಪೆನ್‌ಡ್ರೈವಿನಿಂದ ಬೂಟ್ ಮಾಡಿ ಮೊದಲು ಅವನ್ನು ಕಾಪಿ ಮಾಡಿಕೊಳ್ಳಿ. ಹೊಸ ಲ್ಯಾಪ್‌ಟಾಪಿನವರಾದರೆ ಬಿಟ್‌ಲಾಕರ್‌ನ 48 ಅಂಕಿಯ ಕೀ ಬರೆದಿಟ್ಟುಕೊಳ್ಳಿ, ಅದಿಲ್ಲದೆ ಇವೆರಡೂ ನಡೆಯುವುದಿಲ್ಲ. ನನ್ನದು ಹಳೇ ಡೆಸ್ಕ್‌ಟಾಪ್, ಆ ಕಾಟ ಇರಲಿಲ್ಲ.